ಚೀಟಿ ಡಬ್ಬಿಯ ಡ್ರ್ಯಾಗನ್

(ಶಿರಸಿಯಲ್ಲಿ ಗೆಳೆಯರ ಓದುಬಳಗದ ಮುಂದೆ ಆಡಿದ ಮಾತು. ಧ್ವನಿಮುದ್ರಣ ಕೇಳಿ ಬರೆದುಕೊಂಡು ತಿದ್ದಿದ್ದು.)

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಈ ಆಟ ಅಂದರೆ ಏನು ಅಂತ ವಿವರಿಸುತ್ತಾ ಕೂತರೆ ಯಾರ ತಲೆಗೂ ಹೋಗುವುದಿಲ್ಲ. ಎರಡು ನಿಮಿಷ ಆಡಿಯೇ ಬಿಡೋಣ. ಮುಂದಿನ ಸಾಲಿನ ಮೂರು ಜನ ಸಾಕು. ನೀವು ಮಿರ್ಜಾನ್ ಕೋಟೆಯ ಕಂದಕದ ಅಂಚಿನಲ್ಲಿ ನಿಂತಿದ್ದೀರಿ. ಸಂಜೆಯ ಹೊತ್ತು. ಮಳೆ ಈಗಷ್ಟೇ ಹೊಳವಾಗಿದೆ. ಕಂದಕದಲ್ಲಿ ಸೊಂಟದ ಮಟ್ಟ ನೀರು. ಆಚೆ ಕಡೆ ಚಿರೇಕಲ್ಲಿನ ಗೋಡೆಯಲ್ಲಿ ಒಂದು ಸಣ್ಣ ಬಾಗಿಲು, ಅರ್ಧ ತೆರೆದಿದೆ. ಒಳಗಿಂದ ಕಾಳುಮೆಣಸಿನ ವಾಸನೆ ಬರುತ್ತಿದೆ. ಏನು ಮಾಡುತ್ತೀರಿ?

"ಒಳಗೆ ಹೋಗ್ತೇನೆ" ಅಂತೀರಿ. ಹೇಗೆ ಹೋಗುತ್ತೀರಿ? ನೀರಿಗೆ ಇಳಿದೋ, ಸುತ್ತು ಹಾಕಿಯೋ? ಪಕ್ಕದ ಅಕ್ಕ "ಮೊದಲು ಒಂದು ಕಲ್ಲು ಎಸೆದು ನೋಡ್ತೆ" ಅಂತಾರೆ. ಭೇಷ್. ಕಲ್ಲು ಬಿತ್ತು. ಬಿದ್ದ ಕಡೆ ನೀರು ಕಲಕಿತು, ಕೆಳಗೆ ಏನೋ ಒಂದು ಮಗ್ಗುಲು ಬದಲಿಸಿತು. ಅದು ನಿಮ್ಮನ್ನು ನೋಡಿ ಏನು ಮಾಡುತ್ತದೆ ಅನ್ನೋದು ನನಗೂ ಗೊತ್ತಿಲ್ಲ. ಎರಡು ದಾಳ ಹಾಕಿ. ಐದು, ನಾಲ್ಕು, ಒಟ್ಟು ಒಂಬತ್ತು. ಎರಡು ಬಿದ್ದಿದ್ದರೆ ಅದು ನೇರ ಮೈಮೇಲೆ ಬರುತ್ತಿತ್ತು. ಹನ್ನೆರಡು ಬಿದ್ದಿದ್ದರೆ ನಿಮ್ಮ ಸ್ನೇಹ ಮಾಡುತ್ತಿತ್ತು. ಒಂಬತ್ತು ಅಂದರೆ ಅದಕ್ಕೆ ಸದ್ಯಕ್ಕೆ ಜಗಳ ಬೇಡ. ನೀವು ಮಾತಾಡಿಸಿದರೆ ಕೇಳಬಹುದು. ಮಾತಾಡಿಸುತ್ತೀರಾ, ಇಲ್ಲಾ ಸುಮ್ನೆ ಹಿಂದೆ ಸರೀತೀರಾ?

ಇಷ್ಟೇ ಆಟ. ಹಾಸು ಬೇಕಿಲ್ಲ, ಕಾಯಿ ಬೇಕಿಲ್ಲ. ಒಬ್ಬರು ಜಾಗವನ್ನು ಬಾಯಲ್ಲಿ ಕಟ್ಟಿಕೊಡುತ್ತಾರೆ. ಅವರಿಗೆ ಡಂಜನ್ ಮಾಸ್ಟರ್ ಅಂತಾರೆ, ಚಿಕ್ಕದಾಗಿ ಡಿಎಂ. ಡಂಜನ್ ಅಂದರೆ ನೆಲದಡಿಯ ಸುರಂಗ, ಕೋಣೆಗಳ ಜಾಗ. ಉಳಿದವರು ಒಂದೊಂದು ಪಾತ್ರ ಹಿಡಿದು ತಾನು ಏನು ಮಾಡುತ್ತೇನೆ ಅಂತ ಹೇಳುತ್ತಾರೆ. ಆಗುತ್ತದೋ ಇಲ್ಲವೋ ಅನ್ನುವ ಅನುಮಾನ ಬಂದಾಗ ದಾಳ ತೀರ್ಮಾನ ಕೊಡುತ್ತದೆ. ಗೆದ್ದವರು ಸೋತವರು ಅಂತ ಇಲ್ಲ. ಸಾಯುವವರು ಮಾತ್ರ ಬೇಕಾದಷ್ಟು ಜನ ಇರುತ್ತಾರೆ.

ಇದು ಅಚ್ಚಾಗಿ ಮಾರಾಟಕ್ಕೆ ಬಂದದ್ದು 1974ರಲ್ಲಿ. ಬರೆದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಗೈಗ್ಯಾಕ್ಸ್ ಇದ್ದದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಅನ್ನುವ ಸಣ್ಣ ಊರಿನಲ್ಲಿ. ಮೂರು ತೆಳ್ಳನೆಯ ಪುಸ್ತಕ, ಒಂದು ಪೆಟ್ಟಿಗೆ, ಬೆಲೆ 10 ಡಾಲರ್. ಮೊದಲ ಮುದ್ರಣ 1000 ಪ್ರತಿ. ಪೆಟ್ಟಿಗೆಗಳನ್ನು ಕಂಪನಿಯವರೇ ಕೈಯಾರೆ ಜೋಡಿಸಿ ಕಳಿಸುತ್ತಿದ್ದರು. ಆ ಜನ ಮೊದಲು ಆಡುತ್ತಿದ್ದದ್ದು ಯುದ್ಧದ ಆಟ. ಮೇಜಿನ ಮೇಲೆ ಸೀಸದ ಸೈನಿಕರನ್ನು ಸಾಲಾಗಿ ನಿಲ್ಲಿಸಿ, ಅಳತೆಪಟ್ಟಿ ಹಿಡಿದು ಸರಿಸುವುದು. 1969ರಲ್ಲಿ ಡೇವ್ ವೆಸ್ಲಿ ಅನ್ನುವವರು ಒಂದು ಬದಲಾವಣೆ ಮಾಡಿದರು. ಒಬ್ಬೊಬ್ಬ ಆಟಗಾರನಿಗೂ ಒಂದು ಸೈನ್ಯ ಕೊಡುವ ಬದಲು ಊರಿನ ಒಬ್ಬೊಬ್ಬ ಮನುಷ್ಯನ ಪಾತ್ರ ಕೊಟ್ಟರು. ಯುದ್ಧ ಶುರುವಾಗುವ ಮೊದಲೇ ಎಲ್ಲರೂ ಮೂಲೆಮೂಲೆಯಲ್ಲಿ ನಿಂತು ಗುಟ್ಟಿನ ಮಾತಿಗೆ ಇಳಿದರು. ಆ ಮೇಜಿನಲ್ಲಿ ಆಡಿದ್ದ ಆರ್ನೆಸನ್ ಅದನ್ನು ಹಿಡಿದುಕೊಂಡು ಹೋಗಿ ಕೋಟೆಯ ಕೆಳಗಿನ ಸುರಂಗಗಳಿಗೆ ಇಳಿಸಿದರು. ಗೈಗ್ಯಾಕ್ಸ್ ಅದಕ್ಕೆ ನಿಯಮದ ಬಟ್ಟೆ ಹೊಲಿದರು.

ಆ ಬಟ್ಟೆಗೆ ತೂತುಗಳು ಬಹಳ. ಮೂಲ ಪುಸ್ತಕಗಳಲ್ಲಿ ಕಾಡು ಅಲೆಯುವ ಭಾಗಕ್ಕೆ ಬೇರೆ ಕಂಪನಿಯವರ ಇನ್ನೊಂದು ಆಟ ಕೊಂಡು ಅದರ ನಕ್ಷೆ ಬಳಸಿ ಅಂತ ಬರೆದಿತ್ತು! ಈ ತೂತಿನ ವಿಷಯ ನೆನಪಿಟ್ಟುಕೊಳ್ಳಿ. ನನ್ನ ಇವತ್ತಿನ ಮಾತೆಲ್ಲ ಅದರ ಮೇಲೆಯೇ ನಿಂತಿದೆ.

ಶಿರಸಿಯವರಿಗೆ, ಸಿದ್ದಾಪುರದವರಿಗೆ ಈ ಆಟ ಅಷ್ಟೇನೂ ಹೊಸದಲ್ಲ ಅಂತ ನನ್ನ ಲೆಕ್ಕ. ನೀವು ತಾಳಮದ್ದಳೆ ಕೇಳಿದವರು. ಅಲ್ಲಿ ವೇಷ ಇಲ್ಲ, ಗೆಜ್ಜೆ ಇಲ್ಲ. ಶಾಲು ಹೊದ್ದುಕೊಂಡು ಚಾಪೆಯ ಮೇಲೆ ಕೂತ ಮೇಷ್ಟ್ರು ಭಾಗವತರ ಪದ ಮುಗಿದ ಕೂಡಲೇ ವಾಲಿ ಆಗುತ್ತಾರೆ. ಎದುರು ಕೂತ ಅಡಿಕೆ ಬೆಳೆಗಾರರು ರಾಮ ಆಗುತ್ತಾರೆ. ಅರ್ಥ, ಅಂದರೆ ಪಾತ್ರದ ಮಾತು, ಯಾರೂ ಬರೆದು ತಂದಿರುವುದಿಲ್ಲ. ಎದುರಿನವರು ಏನು ಎಸೆದರೋ ಅದಕ್ಕೆ ಅಲ್ಲೇ ಉತ್ತರ ಕಟ್ಟಬೇಕು. ಪಾತ್ರ ಹಿಡಿದು ಮಾತಾಡುವುದು ನಮ್ಮ ಮನೆ ಜಗಲಿಯಲ್ಲೇ ಇದ್ದ ಸಂಗತಿ. ಆದರೆ ವ್ಯತ್ಯಾಸ ನೋಡಿ. ವಾಲಿ ಎಷ್ಟೇ ಚೆನ್ನಾಗಿ ವಾದ ಮಾಡಲಿ, ಸಭೆಯೆಲ್ಲ ಅವನ ಕಡೆಗೇ ವಾಲಲಿ, ಕೊನೆಗೆ ಸಾಯಲೇಬೇಕು. ಪ್ರಸಂಗದಲ್ಲಿ ಹಾಗಿದೆ. ಈ ಆಟದಲ್ಲಿ ಪ್ರಸಂಗ ಪುಸ್ತಕ ಇಲ್ಲ. ವಾಲಿ ಮರದ ಹಿಂದೆ ಯಾರೋ ಇದ್ದಾರೆ ಅಂತ ಅನುಮಾನಪಟ್ಟು ಪಕ್ಕಕ್ಕೆ ಹಾರಿದರೆ ಬಾಣ ತಪ್ಪಲೂಬಹುದು. ತಪ್ಪಿದರೆ ಮುಂದಿನ ಕಥೆ ಏನು? ಭಾಗವತರಿಗೂ ಗೊತ್ತಿಲ್ಲ. ಆಮೇಲೆ ಇಡೀ ಲಂಕೆಯ ಕಥೆಯೇ ಬೇರೆ ದಾರಿ ಹಿಡಿಯಬೇಕಾಗುತ್ತದೆ. ನನಗೆ ಈ ಆಟದ ರುಚಿ ಹತ್ತಿದ್ದೇ ಅಲ್ಲಿ.

ಸರಿ, ನಮ್ಮ ಕಾರವಾರಕ್ಕೆ ಇದು ಹೇಗೆ ಬಂತು? ಹಡಗಿನಲ್ಲಿ ಬಂತು. 80ರ ದಶಕದ ಕೊನೆಯ ಮಾತು. ನನ್ನ ಗೆಳೆಯನ ಸೋದರಮಾವ ಸರಕು ಹಡಗಿನಲ್ಲಿ ಕೆಲಸಕ್ಕಿದ್ದರು. ಯಾವುದೋ ಬಂದರಿನ ಹಳೇ ಪುಸ್ತಕದ ಅಂಗಡಿಯಿಂದ ಒಂದು ಕೆಂಪು ಪೆಟ್ಟಿಗೆ ತಂದುಕೊಟ್ಟರು. ಮುಚ್ಚಳದ ಮೇಲೆ ದೊಡ್ಡ ಕೆಂಪು ಡ್ರ್ಯಾಗನ್, ಅದರೆದುರು ಕತ್ತಿ ಎತ್ತಿದ ಒಬ್ಬ ಯೋಧ. 1983ರ ಆವೃತ್ತಿ ಅದು. ಈ ಆಟ ಆಡಿದ ನನ್ನ ವಯಸ್ಸಿನವರಲ್ಲಿ ಬಹಳ ಜನ ಶುರು ಮಾಡಿದ್ದು ಆ ಪೆಟ್ಟಿಗೆಯಿಂದಲೇ. ಒಳಗೆ ಎರಡು ಪುಸ್ತಕ, ಆರು ದಾಳ ಇರಬೇಕಿತ್ತು. ದಾಳದ ಅಂಕಿಗಳಿಗೆ ಬಣ್ಣ ತುಂಬಿರುತ್ತಿರಲಿಲ್ಲ. ತುಂಬಿಕೊಳ್ಳಲಿ ಅಂತ ಒಂದು ಕ್ರೇಯಾನ್ ಕಡ್ಡಿಯನ್ನೂ ಇಡುತ್ತಿದ್ದರಂತೆ. ನಮಗೆ ಸಿಕ್ಕಿದ್ದರಲ್ಲಿ ಪುಸ್ತಕ ಎರಡೂ ಇದ್ದವು. ದಾಳವೂ ಇಲ್ಲ, ಕ್ರೇಯಾನೂ ಇಲ್ಲ.

ಗೆಳೆಯನ ಅಣ್ಣ ಕಾಲೇಜಿನಲ್ಲಿದ್ದ, ಇಂಗ್ಲಿಷ್ ಸಲೀಸಾಗಿ ಓದುತ್ತಿದ್ದ. ಹಾಗಾಗಿ ಅವನೇ ಡಿಎಂ. ಅವರ ಮನೆ ಕೋಡಿಬಾಗದಲ್ಲಿ. ಜಗಲಿಯಲ್ಲಿ ಕೂತರೆ ಕಾಳಿ ನದಿ ಸಮುದ್ರ ಸೇರುವುದು, ಆಚೆ ದಡದ ಸದಾಶಿವಗಡ ಎರಡೂ ಕಾಣುತ್ತಿದ್ದವು. ಮಳೆಗಾಲದ ಭಾನುವಾರ ಮಧ್ಯಾಹ್ನ, ಊಟ ಆದ ಮೇಲೆ ಶುರು. ಕರೆಂಟು ಹೇಗೂ ಇರುತ್ತಿರಲಿಲ್ಲ.

ಈಗ ದಾಳದ ಕಥೆಗೆ ಬರುತ್ತೇನೆ. ಆರು ಮುಖದ ದಾಳ ಯಾರ ಮನೆಯಲ್ಲೂ ಸಿಗುತ್ತದೆ, ಲೂಡೋದಲ್ಲಿ ಇರುತ್ತದೆ. ಈ ಆಟಕ್ಕೆ ನಾಲ್ಕು, ಎಂಟು, ಹನ್ನೆರಡು, ಇಪ್ಪತ್ತು ಮುಖದವೂ ಬೇಕು. ಯಾಕೆ ಇವೇ ಸಂಖ್ಯೆ? ಎಲ್ಲ ಮುಖವೂ ಒಂದೇ ಆಕಾರ, ಒಂದೇ ಅಳತೆ, ಪ್ರತಿ ಮೂಲೆಯೂ ಒಂದೇ ಥರ ಇರುವಂಥ ಘನಾಕೃತಿಗಳು ಇರುವುದೇ ಐದು. ಯೂಕ್ಲಿಡ್ ಕಾಲದಿಂದ ಗೊತ್ತಿರುವ ಲೆಕ್ಕ. ಮೊದಮೊದಲು ಅಮೆರಿಕದವರು ಕೊಂಡಿದ್ದೂ ಶಾಲೆಗಳಿಗೆ ಗಣಿತದ ಸಾಮಾನು ಮಾರುವವರಿಂದ. ಆಗಿನ ಇಪ್ಪತ್ತು ಮುಖದ ದಾಳದಲ್ಲಿ 0ಯಿಂದ 9ರವರೆಗಿನ ಅಂಕಿಗಳೇ ಎರಡೆರಡು ಸಲ ಇರುತ್ತಿದ್ದವು.

ಕಾರವಾರದಲ್ಲಿ ಅಂಥದ್ದನ್ನು ಎಲ್ಲಿ ತರುವುದು? ಅಣ್ಣ ಹಾರ್ಲಿಕ್ಸ್ ಡಬ್ಬಿ ತಗೊಂಡ. ಲಗ್ನಪತ್ರಿಕೆಯ ದಪ್ಪ ಕಾಗದ ಕತ್ತರಿಸಿ ಇಪ್ಪತ್ತು ಚೀಟಿ ಮಾಡಿದ. ಒಂದೊಂದರ ಮೇಲೂ ಅಂಕಿ ಬರೆದ. ಕಣ್ಣು ಮುಚ್ಚಿ ಕೈ ಹಾಕು, ಎತ್ತು. ನಾವೇನೋ ಬಡವರ ಉಪಾಯ ಮಾಡಿದ್ದೇವೆ ಅಂದುಕೊಂಡಿದ್ದೆವು. ಎಷ್ಟೋ ವರ್ಷ ಕಳೆದ ಮೇಲೆ ಓದಿದೆ, 1979ರಲ್ಲಿ ದಾಳದ ಅಭಾವ ಆದಾಗ ಆ ಕಂಪನಿಯೇ ಪೆಟ್ಟಿಗೆಯಲ್ಲಿ ದಾಳದ ಬದಲು ಅಂಕಿ ಅಚ್ಚು ಮಾಡಿದ ರಟ್ಟಿನ ಚೀಟಿ ಇಟ್ಟಿತ್ತಂತೆ. ಕತ್ತರಿಸಿ ಲೋಟಕ್ಕೆ ಹಾಕಿ ಎತ್ತಿಕೊಳ್ಳಿ ಅಂತ!

ಆದರೆ ಚೀಟಿ ಮತ್ತು ದಾಳ ಒಂದೇ ಅಲ್ಲ. ನಮ್ಮ ಗುಂಪಿನಲ್ಲಿ ಒಬ್ಬ ಇದ್ದ, ಮುಂದೆ ಬ್ಯಾಂಕ್ ಸೇರಿದ. ಅವನು ಬೇಗ ಕಂಡುಹಿಡಿದ. ಎತ್ತಿದ ಚೀಟಿಯನ್ನು ಪ್ರತಿ ಸಲ ವಾಪಸ್ ಹಾಕಿದರೆ ಅದು ದಾಳ. ಹಾಕದೆ ಪಕ್ಕಕ್ಕೆ ಇಟ್ಟರೆ ಲೆಕ್ಕವೇ ಬೇರೆ. ಸಣ್ಣ ಅಂಕಿಯ ಕೆಟ್ಟ ಚೀಟಿ ಹೊರಗೆ ಬಂದಷ್ಟೂ ಡಬ್ಬಿಯಲ್ಲಿ ಒಳ್ಳೆಯವು ಉಳಿಯುತ್ತವೆ. ಅವನು ಬಾಯಿ ಬಿಡದೆ ಎಣಿಸುತ್ತಿದ್ದ. ಹದಿನಾರು ಚೀಟಿ ಹೊರಗೆ ಬಂದಿವೆ, ಇಪ್ಪತ್ತು ಇನ್ನೂ ಒಳಗಿದೆ ಅಂತಾದರೆ "ಈಗ ನಾನು ಹೊಡೀತೇನೆ" ಅಂತ ಎದ್ದು ಕೂರುತ್ತಿದ್ದ. ಅಲ್ಲಿಯವರೆಗೆ ಅವನ ಯೋಧ ಕಂಬದ ಹಿಂದೆ ಶೂ ಲೇಸ್ ಕಟ್ಟುತ್ತಿದ್ದ!

ಅಣ್ಣನಿಗೆ ಇದು ಗೊತ್ತಾದ ದಿನ ದೊಡ್ಡ ಪಂಚಾಯ್ತಿಯೇ ಆಯಿತು. "ಇದು ಮೋಸ" ಅಂತ ಕೆಲವರು, "ಇದು ಬುದ್ಧಿ" ಅಂತ ಕೆಲವರು. ಗೆಳೆಯನ ಅಮ್ಮ, ಆಯಿ, ಒಳಗಿಂದ "ಎಂತ ಗಲಾಟೆ ನಿಮ್ಮದು?" ಅಂತ ಕೇಳುವಷ್ಟು ಜೋರಾಯಿತು. ಕೊನೆಗೆ ಅಣ್ಣ ತೀರ್ಮಾನ ಕೊಟ್ಟ. ಬಾಗಿಲು ತೆರೆಯುವುದು, ಹಗ್ಗ ಹತ್ತುವುದು ಇಂಥದ್ದಕ್ಕೆಲ್ಲ ಚೀಟಿ ವಾಪಸ್ ಹಾಕಬೇಕು. ಕಾಳಗದಲ್ಲಿ ಮಾತ್ರ ಹಾಕಬೇಕಾಗಿಲ್ಲ, ಆದರೆ ರಾಕ್ಷಸರೂ ಅದೇ ಡಬ್ಬಿಗೆ ಕೈ ಹಾಕುತ್ತಾರೆ. ಅಂದರೆ ನಾನು ಇಪ್ಪತ್ತಕ್ಕೆ ಕಾಯುತ್ತಾ ಕೂತರೆ ಅದು ಎದುರಿನ ಗಾಬ್ಲಿನ್ ಅನ್ನುವ ಕುಳ್ಳ ರಾಕ್ಷಸನ ಕೈಗೂ ಹೋಗಬಹುದು. ಎಂಥ ಚೆಂದದ ನಿಯಮ ನೋಡಿ! ಧೈರ್ಯ, ಹೆದರಿಕೆ, ಲೆಕ್ಕಾಚಾರ ಎಲ್ಲ ಒಂದು ಹಾರ್ಲಿಕ್ಸ್ ಡಬ್ಬಿಯಲ್ಲಿ. ಜಗತ್ತಿನ ಯಾವ ನಿಯಮದ ಪುಸ್ತಕದಲ್ಲೂ ನಾನು ಇದನ್ನು ಇಲ್ಲಿಯವರೆಗೆ ನೋಡಿಲ್ಲ.

ಪಾತ್ರ ಮಾಡುವುದಕ್ಕೆ ಆರು ಮುಖದ ಮೂರು ದಾಳವನ್ನು ಆರು ಸಲ ಹಾಕಬೇಕು. ಬಲ, ಬುದ್ಧಿ, ವಿವೇಕ, ಚುರುಕು, ತಾಳಿಕೆ, ಆಕರ್ಷಣೆ. ಬಿದ್ದದ್ದು ನಿಮ್ಮ ಹಣೆಬರಹ. ಪೂರ್ತಿ 18 ಬೀಳುವ ಸಂಭವ 216ರಲ್ಲಿ ಒಂದು. ಹಾಗಾಗಿ ಹೆಚ್ಚಿನವರು ಸಾಧಾರಣ ಮನುಷ್ಯರೇ. ಮಂತ್ರವಾದಿಯ ಪಾಡು ಇನ್ನೂ ಕಷ್ಟ. ಅವನ ಜೀವ ನಾಲ್ಕು ಮುಖದ ಒಂದು ದಾಳದಷ್ಟು, ಮೈಮೇಲೆ ಕವಚ ಇಲ್ಲ, ಮೊದಲ ಹಂತದಲ್ಲಿ ದಿನಕ್ಕೆ ಒಂದೇ ಮಂತ್ರ. ಆ ಮಂತ್ರ ಹೇಳಿ ಮುಗಿಸಿದ ಮೇಲೆ ಅವನು ಪಂದ್ಯ ಮುಗಿಯುವವರೆಗೆ ಪಂಜು ಹಿಡಿಯುವ ಆಳು. ಪಂಜು ಉರಿಯುವುದು ಒಂದು ಗಂಟೆ. ಆಟದಲ್ಲಿ ಹತ್ತು ಹತ್ತು ನಿಮಿಷದ ಲೆಕ್ಕ ಇರುತ್ತದೆ, ಆರು ಸಲ ಗೆರೆ ಎಳೆದರೆ ಪಂಜು ಆರಿತು. ಎಣ್ಣೆ ದೀಪವಾದರೆ ನಾಲ್ಕು ಗಂಟೆ. ಈಗಿನವರಿಗೆ ಇದು ಕಿರಿಕಿರಿ ಅನ್ನಿಸುತ್ತದಂತೆ. ನಮಗೆ ಅನ್ನಿಸುತ್ತಿರಲಿಲ್ಲ. ಪಕ್ಕದಲ್ಲೇ ಚಿಮಣಿ ದೀಪ ಉರಿಯುತ್ತಿತ್ತು, ಸೀಮೆಎಣ್ಣೆ ರೇಷನ್ನಿನಲ್ಲಿ ಅಳತೆಗೆ ಸಿಗುತ್ತಿತ್ತು. ಬೆಳಕು ಮುಗಿಯುತ್ತದೆ ಅನ್ನುವುದು ಯಾರಿಗೂ ವಿವರಿಸಿ ಹೇಳಬೇಕಾದ ಮಾತಾಗಿರಲಿಲ್ಲ.

ಇನ್ನೊಂದು ನಿಯಮದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಒಂದು ಗಾಬ್ಲಿನ್ ಕೊಂದರೆ ಸಿಗುವ ಅನುಭವದ ಅಂಕ 5. ಒಂದು ಚಿನ್ನದ ನಾಣ್ಯ ಹೊರಗೆ ತಂದರೆ 1. ಯೋಧನಾದವನು ಎರಡನೇ ಹಂತಕ್ಕೆ ಹೋಗಲು 2000 ಅಂಕ ಬೇಕು. ಲೆಕ್ಕ ಹಾಕಿ. ಬರೀ ಹೊಡೆದಾಟದಲ್ಲೇ ಮೇಲೆ ಹೋಗುತ್ತೇನೆ ಅಂದರೆ 400 ಗಾಬ್ಲಿನ್ ಕೊಲ್ಲಬೇಕು, ಆ ಹೊತ್ತಿಗೆ ನೀವು ಇಪ್ಪತ್ತು ಸಲ ಸತ್ತಿರುತ್ತೀರಿ. ಅದರ ಬದಲು ಗಾಬ್ಲಿನ್ನಿಗೆ ಒಣಮೀನು ಕೊಟ್ಟು, ಒಳಗಿನ ಖಜಾನೆ ಎಲ್ಲಿದೆ ಅಂತ ಕೇಳಿ, ಹಿಂಬಾಗಿಲಿನಿಂದ ಹೊತ್ತು ತಂದರೆ ಒಂದೇ ಮಧ್ಯಾಹ್ನದ ಕೆಲಸ. ಹೊರಗಿನಿಂದ ನೋಡಿದವರಿಗೆ ಇದು ಬಡಿದಾಟದ ಆಟ. ಒಳಗೆ ಇದ್ದವರು ಕಲಿತದ್ದು ಹೆಚ್ಚಾಗಿ ಚೌಕಾಸಿ ಮಾಡುವುದನ್ನು, ಓಡುವುದನ್ನು. ನಮ್ಮ ಗೆಳೆಯನ ತಂಗಿ ಇದರಲ್ಲಿ ಎಲ್ಲರಿಗಿಂತ ಚುರುಕು. ಮೀನು ಪೇಟೆಯಲ್ಲಿ ಆಯಿಯ ಜೊತೆ ನಿಂತು ಕಲಿತ ವಿದ್ಯೆಯನ್ನೆಲ್ಲ ಡ್ರ್ಯಾಗನ್ ಮೇಲೆ ಪ್ರಯೋಗಿಸುತ್ತಿದ್ದಳು. ಒಮ್ಮೆ ಡ್ರ್ಯಾಗನ್ "ಆಯ್ತು, ಅರ್ಧ ತಗೊಂಡು ಹೋಗು, ಇನ್ನು ಮಾತಾಡಬೇಡ" ಅಂದಿತು.

ಈ ಹಾಳೆ ನೋಡಿ, ನಮ್ಮ ಆಟದ ನಕ್ಷೆ. ಕೈಯಿಂದ ಕೈಗೆ ದಾಟಿಸಿ, ಮಡಿಕೆಯ ಹತ್ತಿರ ಹರಿದಿದೆ, ಜೋಪಾನ. ಭೌತಶಾಸ್ತ್ರದ ಪ್ರಾಕ್ಟಿಕಲ್ ಪುಸ್ತಕದಿಂದ ಕಿತ್ತ ಗ್ರಾಫ್ ಹಾಳೆ. ಒಂದು ಚೌಕ ಅಂದರೆ ಹತ್ತು ಅಡಿ. ಮೇಲೆ ಎಡಕ್ಕೆ ಇರುವುದು ಸದಾಶಿವಗಡ, ಸೋದೆ ಅರಸರ ಕಾಲದ ಕೋಟೆ. ನಿಮ್ಮ ಪಕ್ಕದ ಸೋದೆಯೇ. ಅದರ ಕೆಳಗೆ ಅಣ್ಣ ಮೂರು ಅಂತಸ್ತಿನ ಸುರಂಗ ಕೊರೆದಿದ್ದಾನೆ. ನಡುವೆ ಅಡ್ಡಕ್ಕೆ ಹರಿಯುವುದು ಕಾಳಿ. ಸೇತುವೆಯ ಮೂರನೇ ಕಂಬದ ಕೆಳಗೆ ಗುಣಾಕಾರ ಚಿಹ್ನೆ ಇದೆಯಲ್ಲ, ಅಲ್ಲಿ ಟ್ರೋಲ್ ಅನ್ನುವ ಒಂದು ದೈತ್ಯ ಇತ್ತು. ದಾಟುವವರಿಗೆ ಸುಂಕ ಹಾಕುತ್ತಿತ್ತು. ಆಗ ಆ ಸೇತುವೆ ಇನ್ನೂ ಹೊಸದು. ಅದು 2024ರ ಆಗಸ್ಟ್‌ನಲ್ಲಿ ಕುಸಿದು ನದಿಗೆ ಬಿದ್ದದ್ದು ನಿಮಗೆಲ್ಲ ಗೊತ್ತಿದೆ. ಆ ದಿನ ಬೆಳಿಗ್ಗೆ ನಮ್ಮ ಹಳೇ ಗುಂಪಿನವರು ಎಲ್ಲೆಲ್ಲಿಂದಲೋ ಫೋನ್ ಮಾಡಿಕೊಂಡರು. ಮೊದಲು ಲಾರಿಯ ಚಾಲಕರು ಬದುಕಿದರಾ ಅಂತ ಕೇಳಿದರು. ಬದುಕಿದ್ದಾರೆ ಅಂತ ಗೊತ್ತಾದ ಮೇಲೆ ಟ್ರೋಲ್ ವಿಷಯ ಬಂತು. ಬಲಗಡೆಯ ಕಂದು ಕಲೆ ಮುರುಗಲು ಶರಬತ್ತಿನದು. ಅದು ಬಿದ್ದಾಗ ಅಣ್ಣ ಹಾಳೆ ಬದಲಿಸಲಿಲ್ಲ. "ಇಲ್ಲಿ ಜೌಗು" ಅಂತ ಬರೆದ. ಆಮೇಲೆ ಆ ಜೌಗಿನಲ್ಲಿ ನನ್ನ ಎರಡನೇ ಮಂತ್ರವಾದಿ ಮುಳುಗಿದ.

ಆ ಕೆಂಪು ಪೆಟ್ಟಿಗೆಯ ಆಟಗಾರರ ಪುಸ್ತಕ ಶುರುವಾಗುವುದೇ ಒಬ್ಬರೇ ಕೂತು ಓದಿ ಆಡುವ ಒಂದು ಸಣ್ಣ ಕಥೆಯಿಂದ. ಗುಹೆಯಲ್ಲಿ ಅಲೀನಾ ಅನ್ನುವ ಹುಡುಗಿ ಸಿಗುತ್ತಾಳೆ. ಗಾಯಕ್ಕೆ ಆರೈಕೆ ಮಾಡುತ್ತಾಳೆ, ಆಟ ಹೇಗೆ ಅಂತ ಹೇಳಿಕೊಡುತ್ತಾಳೆ. ಸ್ವಲ್ಪ ಹೊತ್ತಿಗೆ ಬಾರ್ಗಲ್ ಅನ್ನುವ ದುಷ್ಟ ಮಂತ್ರವಾದಿ ಅವಳನ್ನು ಕೊಂದುಬಿಡುತ್ತಾನೆ. ಈ ಪೆಟ್ಟಿಗೆ ಓದಿದ ಯಾವ ದೇಶದವರನ್ನು ಕೇಳಿದರೂ ಬಾರ್ಗಲ್ ಮೇಲಿನ ಸಿಟ್ಟು ಇನ್ನೂ ಇರುತ್ತದೆ. ಅಣ್ಣ ಗಟ್ಟಿಯಾಗಿ ಓದಿ ಹೇಳಿದಾಗ ಗೆಳೆಯನ ತಂಗಿ ಎದ್ದು ಹೋದಳು. "ಅವಳನ್ನು ಬದುಕಿಸಿ ಕರೀರಿ, ಬರ್ತೇನೆ" ಅಂದಳು. ಅಣ್ಣ ಪುಸ್ತಕ ತಿದ್ದುವ ಹಾಗಿಲ್ಲ ಅಂದ. ಆದರೆ ಮುಂದಿನ ಭಾನುವಾರ ಬಾರ್ಗಲ್‌ನನ್ನು ದೇವಗಡ ದ್ವೀಪದ ದೀಪಸ್ತಂಭದಲ್ಲಿ ತಂದು ಕೂರಿಸಿದ. ನಾವು ದೋಣಿ ಬಾಡಿಗೆಗೆ ಹಿಡಿದು, ಅಲೆ ಇಳಿಯುವ ತನಕ ಕೂರ್ಮಗಡದಲ್ಲಿ ಕಾದು, ರಾತ್ರಿ ಹೋದೆವು. ಹೊಡೆದದ್ದು ಅವಳೇ. ಚೀಟಿ ಹತ್ತೊಂಬತ್ತು.

ನಡುವೆ ಒಂದು ಅಡ್ಡ ಮಾತು. ಈ ಆಟದ 1977ರ ಪ್ರಾಣಿ-ಭೂತಗಳ ಕೋಶದಲ್ಲಿ ನಮ್ಮ ರಾಕ್ಷಸನೂ ಇದ್ದಾನೆ. ಮೊದಲು ಭಾರತದಲ್ಲಿ ಕಾಣಿಸಿಕೊಂಡವರು ಅಂತಲೇ ವಿವರ. ಚಿತ್ರದಲ್ಲಿ ಹುಲಿಯ ತಲೆ, ಠೀವಿಯ ನಿಲುವಂಗಿ, ಪೈಪ್ ಸೇದುತ್ತಾ ಆರಾಮವಾಗಿ ಕೂತಿದ್ದಾನೆ. ಅವನನ್ನು ಕೊಲ್ಲಬೇಕಾದರೆ ಪುರೋಹಿತ ಮಂತ್ರಿಸಿಕೊಟ್ಟ ಅಡ್ಡಬಿಲ್ಲಿನ ಬಾಣ ಒಂದು ತಾಗಿದರೆ ಸಾಕಂತೆ. ಯಕ್ಷಗಾನದಲ್ಲಿ ರಾಕ್ಷಸನ ಬಣ್ಣದ ವೇಷ ರಂಗಸ್ಥಳಕ್ಕೆ ಬರುವಾಗಿನ ಅಬ್ಬರ ನೋಡಿ ಬೆಳೆದ ನಮಗೆ ಈ ಪೈಪಿನ ರಾಕ್ಷಸನನ್ನು ನೋಡಿ ನಗು ತಡೆಯಲಾಗಲಿಲ್ಲ. 1980ರ ಇನ್ನೊಂದು ಪುಸ್ತಕದಲ್ಲಿ ಇಂದ್ರ, ಅಗ್ನಿ, ಯಮ ಎಲ್ಲರಿಗೂ ಜೀವದ ಅಂಕ, ಕವಚದ ಅಂಕ ಕೊಟ್ಟು ಪಟ್ಟಿ ಮಾಡಿದ್ದಾರೆ. ಅದೇ ದಶಕದಲ್ಲಿ ಅಮೆರಿಕದಲ್ಲಿ ಕೆಲವರು ಈ ಆಟ ಆಡಿದರೆ ಮಕ್ಕಳು ಸೈತಾನನ ಪೂಜೆಗೆ ಇಳಿಯುತ್ತಾರೆ ಅಂತ ದೊಡ್ಡ ಗದ್ದಲ ಎಬ್ಬಿಸಿದ್ದರು. ನಮ್ಮಲ್ಲಿ ಆ ಹೆದರಿಕೆ ಇರಲಿಲ್ಲ. ಭೂತ, ಚೌಡಿ, ಜಟಕ ಎಲ್ಲ ಬೇಲಿಯಾಚೆಯೇ ಇದ್ದವರು. ಆಯಿಯ ತಕರಾರು ಒಂದೇ. "ಎಸ್ಸೆಸ್ಸೆಲ್ಸಿ ಅಲ್ವಾ ಈ ವರ್ಷ?"

ಈಗ ನೆನಪಿನ ಹಂಬಲದ ವಿಷಯ. ನನ್ನ ವಯಸ್ಸಿನವರು ಹಳೇ ಪೆಟ್ಟಿಗೆಗಳನ್ನು ಹುಡುಕಿ ಹುಡುಕಿ ದೊಡ್ಡ ಬೆಲೆ ಕೊಟ್ಟು ಕೊಳ್ಳುತ್ತಿದ್ದಾರೆ. ನಮ್ಮ ಬ್ಯಾಂಕಿನ ಗೆಳೆಯನೂ ಕೊಂಡ. ದಾಳ, ಕ್ರೇಯಾನ್ ಸಮೇತ, ಮೂಲೆ ಮಾಸದ ಪೆಟ್ಟಿಗೆ. ಬಂದ ದಿನ ವಿಡಿಯೋ ಕಾಲ್ ಮಾಡಿ ತೋರಿಸಿದ. ಎರಡು ವಾರ ಬಿಟ್ಟು ಫೋನ್ ಮಾಡಿ "ಇದರಲ್ಲಿ ನಮ್ಮ ಆಟ ಇಲ್ಲ ಮಾರಾಯ" ಅಂದ. ಇರುವುದಾದರೂ ಹೇಗೆ? ಟ್ರೋಲಿನ ಸುಂಕ ಅದರಲ್ಲಿ ಇಲ್ಲ, ಚೀಟಿಯ ನಿಯಮ ಇಲ್ಲ, ಒಣಮೀನು ಇಲ್ಲ. ಪುಸ್ತಕ ಎಲ್ಲೆಲ್ಲಿ ಸುಮ್ಮನಿತ್ತೋ ಅಲ್ಲೆಲ್ಲ ನಾವು ಕಾರವಾರ ತುಂಬಿದೆವು. ನೆನಪಾಗುವುದು ಆ ತುಂಬಿದ ಭಾಗ. ಬ್ರೆಜಿಲ್‌ನಲ್ಲಿ ಆಡಿದವರು ಅವರ ಊರು ತುಂಬಿರುತ್ತಾರೆ. ಒಂದೇ ಪೆಟ್ಟಿಗೆ, ಒಂದೊಂದು ಜಗಲಿಯಲ್ಲಿ ಒಂದೊಂದು ಆಟ.

ಹಾಗಂತ ಹಳೇ ನಿಯಮಗಳೇ ಚಿನ್ನ, ಈಗಿನವೆಲ್ಲ ಹಿತ್ತಾಳೆ ಅನ್ನುವವರ ಜೊತೆ ನಾನಿಲ್ಲ. ಆ ಮಾತು ಆಡುವವರು ಬಹಳ ಜನ ಇದ್ದಾರೆ. ಹಳೆಯದರಲ್ಲಿ ಹುಳುಕು ಬೇಕಾದಷ್ಟಿತ್ತು. ಕವಚದ ಅಂಕಿ ಕಡಿಮೆ ಆದಷ್ಟೂ ಕವಚ ಗಟ್ಟಿ. ಕವಚವೇ ಇಲ್ಲದವನಿಗೆ 9, ಚೆನ್ನಾಗಿ ತೊಟ್ಟವನಿಗೆ 2. ಯಾಕೆ ಹೀಗೆ ತಿರುಗಮುರುಗ ಅಂತ ಪ್ರತಿ ವಾರ ಯಾರಾದರೊಬ್ಬರು ಕೇಳುತ್ತಿದ್ದರು. 1978ರ ದೊಡ್ಡ ನಿಯಮ ಪುಸ್ತಕದಲ್ಲಿ ಹೆಣ್ಣು ಪಾತ್ರಗಳ ಬಲಕ್ಕೆ ಗಂಡು ಪಾತ್ರಗಳಿಗಿಂತ ಕಡಿಮೆ ಮಿತಿ ಹಾಕಿದ್ದರು. ಡ್ರ್ಯಾಗನ್ ಹಾರುವ ಲೋಕದಲ್ಲಿ ಇದೊಂದಕ್ಕೆ ಮಾತ್ರ ವಾಸ್ತವ ಬೇಕಾಯಿತೇ? ನಮ್ಮ ಪುಣ್ಯಕ್ಕೆ ಕೆಂಪು ಪೆಟ್ಟಿಗೆಯಲ್ಲಿ ಆ ನಿಯಮ ಇರಲಿಲ್ಲ. ಇದ್ದಿದ್ದರೆ ಗೆಳೆಯನ ತಂಗಿ ಅಣ್ಣನ ಕೈಯಿಂದ ಪುಸ್ತಕ ಕಸಿದು ಕಾಳಿ ನದಿಗೆ ಹಾಕುತ್ತಿದ್ದಳು.

ನನ್ನ ವಾದ ಇಷ್ಟೇ. ತೂತು ಇತ್ತು ಅನ್ನುವುದು ಹೆಗ್ಗಳಿಕೆ ಅಲ್ಲ. ತೂತನ್ನು ಮುಚ್ಚುವುದಕ್ಕೆ ನಮಗೆ ಬೇರೆ ಯಾರೂ ಇರಲಿಲ್ಲ, ಅದರಿಂದ ನಾವೇ ಮುಚ್ಚಿದೆವು. ಈಗ ಒಂದು ಅನುಮಾನ ಬಂದರೆ ಫೋನ್ ತೆಗೆದು ನೋಡುತ್ತಾರೆ, ಆಟ ಬರೆದವರೇ ಎಲ್ಲೋ ಉತ್ತರ ಕೊಟ್ಟಿರುತ್ತಾರೆ. ಪಂಚಾಯ್ತಿ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲಿ 2014ರ ಆವೃತ್ತಿ ಆಡುತ್ತಾಳೆ. ಪುಸ್ತಕ ಚೆಂದ, ನಿಯಮ ಸಲೀಸು, ಸಾಯುವುದೂ ಕಷ್ಟ. ಒಂದು ಸಲ ಅವರ ಗುಂಪಿನಲ್ಲಿ ಕೂತು ನೋಡಿದೆ. ಹುಡುಗರು ಚೆನ್ನಾಗಿಯೇ ಆಡುತ್ತಾರೆ, ಪಾತ್ರದ ದನಿಯಲ್ಲೇ ಮಾತಾಡುತ್ತಾರೆ, ನಮಗಿಂತ ಎಷ್ಟೋ ಮೇಲು. ಆದರೆ ಅವರ ಊರುಗಳ ಹೆಸರೆಲ್ಲ ಪುಸ್ತಕದಲ್ಲಿ ಇದ್ದವು. ನಾನು ಕೇಳಿದೆ, "ಯಾಕೆ, ಯಾಣ ಆಗೋದಿಲ್ವಾ?" ಎರಡು ಕರೀ ಬಂಡೆ, ಒಂದು ಭೈರವೇಶ್ವರ ಶಿಖರ, ಒಂದು ಮೋಹಿನಿ ಶಿಖರ, ನಡುವೆ ಗವಿ. ಇದಕ್ಕಿಂತ ಒಳ್ಳೆಯ ಡಂಜನ್ ಅಮೆರಿಕದವರು ಎಲ್ಲಿಂದ ತರುತ್ತಾರೆ? ಅವಳು ನಕ್ಕಳು. ಹೋದ ತಿಂಗಳು ಫೋನ್ ಮಾಡಿ "ಮಾವ, ಯಾಣದಲ್ಲಿ ಜೇನು ಎಷ್ಟು ಎತ್ತರಕ್ಕೆ ಕಟ್ಟಿರುತ್ತೆ?" ಅಂತ ಕೇಳಿದಳು. ಯಾರೋ ಹಗ್ಗ ಹಾಕಿ ಹತ್ತುತ್ತಿದ್ದರಂತೆ.

ಆಡಬೇಕು ಅಂತ ನಿಮಗೆ ಅನ್ನಿಸಿದ್ದರೆ ಹಳೇ ಪೆಟ್ಟಿಗೆಗೆ ದುಡ್ಡು ಸುರಿಯಬೇಡಿ. 1997ರಲ್ಲಿ ಮೂಲ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡಿತು. ಅವರು 2000ರಲ್ಲಿ ನಿಯಮಗಳ ಮುಖ್ಯ ಭಾಗವನ್ನು ಯಾರು ಬೇಕಾದರೂ ಬಳಸಬಹುದು ಅಂತ ಪರವಾನಗಿ ಕೊಟ್ಟರು. ಅದನ್ನು ಹಿಡಿದುಕೊಂಡು 2006ರಿಂದ ಈಚೆಗೆ ಹಳೇ ಆಟದ ಪ್ರೇಮಿಗಳು ಆ ನಿಯಮಗಳನ್ನೇ ಹೊಸದಾಗಿ, ನೆಟ್ಟಗೆ ಬರೆದರು. ಬೇಸಿಕ್ ಫ್ಯಾಂಟಸಿ ಅನ್ನುವುದು ಪೂರ್ತಿ ಉಚಿತ, ಫೋನಿಗೆ ಇಳಿಸಿಕೊಳ್ಳಬಹುದು. ಅದರಲ್ಲಿ ಕವಚದ ಅಂಕಿಯನ್ನೂ ನೆಟ್ಟಗೆ ಮಾಡಿದ್ದಾರೆ. ಪೂರ್ತಿ ಓದುವ ಗೋಜೂ ಬೇಡ. ಪಾತ್ರ ಮಾಡುವ ಪುಟಗಳು, ಕಾಳಗದ ಪುಟಗಳು ಸಾಕು.

ಭಾಷೆ ಯಾವುದು ಅಂತ ಹಿಂದಿನ ಸಾಲಿನಿಂದ ಕೇಳಿದಿರಿ. ನಮ್ಮದು ಕಲಸುಮೇಲೋಗರ. ಸಿಟ್ಟು ಬಂದರೆ ಕೊಂಕಣಿ, ಅಂಕಿಗೆ ಇಂಗ್ಲಿಷ್, ಉಳಿದದ್ದು ಕನ್ನಡ. ರಾಜರು ಮಾತ್ರ ಯಕ್ಷಗಾನದ ಕನ್ನಡ ಮಾತಾಡುತ್ತಿದ್ದರು, "ಎಲವೋ ಅಧಮ" ಇಲ್ಲದೆ ಯಾವ ರಾಜನೂ 'ಬಾ, ಕೂತ್ಕೋ' ಅಂದವನಲ್ಲ. ಎಷ್ಟು ಜನ ಬೇಕು ಅಂತಲೂ ಕೇಳಿದಿರಿ. ಡಿಎಂ ಸೇರಿ ಐದು ಜನ ಇದ್ದರೆ ಹದ. ಏಳು ದಾಟಿದರೆ ಇಬ್ಬರು ಫೋನ್ ನೋಡುತ್ತಾ ಕೂರುತ್ತಾರೆ. ಮೊದಲ ಸಲ ಡಿಎಂ ಆಗುವವರು ಲೋಕವನ್ನೆಲ್ಲ ಕಟ್ಟಲು ಹೋಗಬೇಡಿ. ಒಂದು ಗುಡ್ಡ, ಒಂದು ಗವಿ, ಆರು ಕೋಣೆ ಸಾಕು. ಒಂದು ಕೋಣೆಯಲ್ಲಿ ಮಾತಾಡಿಸಬಹುದಾದ ಯಾರಾದರೂ ಇರಲಿ, ಒಂದು ಕೋಣೆ ಖಾಲಿ ಇರಲಿ. ಮೂರು ಗಂಟೆ ಬಿಡುವು ಮಾಡಿಕೊಳ್ಳಿ, ಒಂದು ಗಂಟೆಯಲ್ಲಿ ಬಾಗಿಲೂ ತೆರೆಯುವುದಿಲ್ಲ. ಇಪ್ಪತ್ತು ಮುಖದ ದಾಳ ಈಗ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಅದು ಬರುವ ತನಕ ಚೀಟಿ ಮಾಡಿಕೊಳ್ಳಿ. ಆದರೆ ವಾಪಸ್ ಹಾಕುವುದೋ ಬೇಡವೋ ಅನ್ನುವುದನ್ನು ಮಾತ್ರ ಆಟ ಶುರುವಾಗುವ ಮೊದಲೇ ಜಗಳ ಆಡಿ ತೀರ್ಮಾನಿಸಿಕೊಳ್ಳಿ.